ಮಿಷನ್ನಲ್ಲೇ ಆದದ್ದು

ಕಾಮಗೆರೆಯ ಕೆಂಪಾಜಮ್ಮನಿಗೆ ಕೊಳ್ಳೇಗಾಲದ ಫ್ಯಾಕ್ಟರಿ ಕೆಲಸವೆಂದರೆ ನಿಜವಾಗಿಯೂ ಇಷ್ಟವಿತ್ತು. ಹೊಲದಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದುಹೋಗಿದ್ದವಳಿಗೆ ನೆರಳಲ್ಲಿ ನಿಂತು ಮಾಡುವ ಕೆಲಸ ಸಿಕ್ಕಿದ್ದೇ ದೊಡ್ಡ ಸುಖ. ಬೆಳಗ್ಗೆ ಹನೂರು ಕಡೆಯಿಂದ ಬರುವ ಬಸ್ಸು ಹತ್ತಿ, ಕಂಬಿ ಹಿಡಿದು ನಿಂತೇ ಹೋಗುತ್ತಿದ್ದಳು. ಅದು ರೇಷ್ಮೆ ನೂಲಿಗೆ ಹುರಿ ಹಾಕುವ ಫ್ಯಾಕ್ಟರಿ. ಹರಿದ ಎಳೆಗೆ ಗಂಟು ಹಾಕುವುದು, ನೂಲು ತುಂಬಿದ ಬಾಬಿನ್ ತೆಗೆದು ಖಾಲಿಯದನ್ನು ಕೂರಿಸುವುದು ಅವಳ ಪಾಲಿನ ಕೆಲಸ. ಮಿಷನ್ನುಗಳ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಆದರೂ ಅಲ್ಲಿನ ಹೆಂಗಸರು ತುಟಿ ನೋಡಿಯೇ ಹರಟೆ ಹೊಡೆಯುತ್ತಿದ್ದರು.

ಹೋದ ವರ್ಷ ಆಷಾಢದ ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಮಿಷನ್ನಿನ ಮುಂದೆ ನಿಂತಳು. ಬೆಳಗ್ಗೆ ರಿಪೇರಿಗೆಂದು ಬೆಲ್ಟಿನ ಮೇಲಿನ ತಗಡು ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಎಳೆ ಹರಿದಿದ್ದು ಕಂಡು ಕೈ ಚಾಚಿದಳು. ಬೆಲ್ಟು ಅವಳ ಬಲಗೈ ಬೆರಳುಗಳನ್ನು ಸೆಳೆದುಕೊಂಡಿತು. ಪಕ್ಕದ ಮಿಷನ್ನಿನ ಯಶೋದ ಓಡಿಬಂದು ಸ್ವಿಚ್ಚು ಆರಿಸದಿದ್ದರೆ ಇಡೀ ಕೈಯೇ ಹೋಗುತ್ತಿತ್ತು. ಎರಡು ಬೆರಳು ಜಜ್ಜಿಹೋಗಿದ್ದವು.

ಸೂಪರ್‌ವೈಸರ್ ಉದಯಕುಮಾರ್ ಯಳಂದೂರಿನವನು, ಅವಳಿಗಿಂತ ಚಿಕ್ಕವನು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತ ಅವನೇ ಅವಳಿಗಿಂತ ಹೆಚ್ಚು ಹೆದರಿದ್ದ.

"ಕೆಂಪಾಜಕ್ಕ, ನಿಂಗೆ ಕೈ ಮುಗೀತೀನಿ. ಡಾಕ್ಟ್ರು ಕೇಳುದ್ರೆ ಮನೆ ಬಾಗ್ಲಿಗೆ ಸಿಕ್ಕಂತು ಅನ್ನು. ಫ್ಯಾಕ್ಟ್ರಿ ಎಸ್ರು ಬಂದ್ರೆ ಸಾವ್ಕಾರ್ರು ನನ್ನನ್ನ ಬುಡದಿಲ್ಲ. ಕರ್ಚೆಲ್ಲ ನಾವೇ ನೋಡ್ಕತೀವಿ."

ಕೆಂಪಾಜಮ್ಮನಿಗೆ ಅಣ್ಣನ ಕಾಲು ಕಣ್ಮುಂದೆ ಬಂತು. ಅವಳ ಅಣ್ಣ ಚಿನ್ನಸ್ವಾಮಿ ರಾಮಾಪುರದಲ್ಲಿದ್ದಾನೆ. ಹಿಂದೆ ಕಲ್ಲು ಕ್ವಾರಿಯಲ್ಲಿ ಅವನ ಕಾಲಿನ ಮೇಲೆ ಕಲ್ಲು ಉರುಳಿತ್ತು. ಯಜಮಾನರ ಮಾತು ಕೇಳಿ ಆಸ್ಪತ್ರೆಯಲ್ಲಿ "ಬೈಕಿಂದ ಬಿದ್ದೆ" ಅಂದಿದ್ದ. ಮೊದಲ ಪಟ್ಟಿಯ ಖರ್ಚು ಅವರೇ ಕೊಟ್ಟರು. ಕಾಲು ಕೊಳೆಯತೊಡಗಿದಾಗ ಹೋಗಿ ಕೇಳಿದರೆ, "ನಮ್ಮಲ್ಲೆಲ್ಲಿ ಬಿದ್ದೆ? ಆಸ್ಪತ್ರೆ ಚೀಟೀಲೇ ಬೈಕು ಅಂತ ಬರ್ದದೆಯಲ್ಲ" ಅಂದರು. ಆಗ ಅವನು ಯಾರ ಮುಂದೆ ನಿಜ ಹೇಳಿದರೂ ನಂಬುವವರಿರಲಿಲ್ಲ.

ಡಾಕ್ಟರಮ್ಮ ಬಟ್ಟೆ ಬಿಚ್ಚಿ ನೋಡಿ, "ಹೇಗಾಯ್ತಮ್ಮ ಇದು?" ಅಂದರು. ಉದಯಕುಮಾರ್ ನೆಲ ನೋಡಿದ.

"ಮಿಷನ್ನಲ್ಲೇ ಆದದ್ದು ಮೇಡಂ. ರೇಷ್ಮೆ ಉರಿ ಫ್ಯಾಕ್ಟ್ರಿ ಬೆಲ್ಟಿಗೆ ಸಿಕ್ಕಂತು, ಈಗ್ತಾನೆ, ಡೂಟಿ ಮಾಡ್ತಿದ್ದಾಗ. ಅಂಗೇ ಬರ್ಕಳಿ."

ಹೊಲಿಗೆ ಹಾಕಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತವಳು, ಫ್ಯಾಕ್ಟರಿ ಮಾಲೀಕ ಶಾಂತಮೂರ್ತಿಗೆ ಫೋನು ಹಚ್ಚಿಕೊಡು ಎಂದು ಉದಯಕುಮಾರನಿಗೇ ಹೇಳಿದಳು.

"ಸಾ, ನಾನು ಕೆಂಪಾಜಮ್ಮ. ಮಿಷನ್ಗೆ ಸಿಕ್ಕಿ ಬೆರಳು ಜಜ್ಜೋಯ್ತು."

"ಅಯ್ಯೋ! ಮೊದ್ಲು ವಾಸಿ ಮಾಡ್ಕೊಳಮ್ಮ. ಮಿಕ್ಕಿದ್ದು ಆಮೇಲೆ ಮಾತಾಡೋಣ."

"ಆಮೇಲೆ ಏಳುದ್ರೆ ಯಾರೂ ನಂಬಕಿಲ್ಲ ಸಾ. ಸಂಬಳದಲ್ಲಿ ಇಎಸ್‌ಐಗೆ ಅಂತ ಇಡ್ಕತಿದ್ದೀರಲ್ಲ, ಅವ್ರಿಗೆ ಇವತ್ತೇ ತಿಳಿಸ್ಬುಡಿ."

ಆ ಕಡೆಯಿಂದ ಫೋನು ಕಟ್ಟಾಯಿತು. ಕೆಲಸ ಹೋಯಿತು ಅಂದುಕೊಂಡಳು. ಊರಿಗೆ ಬಂದು ಗೋಡೆಗೆ ಒರಗಿ ಕೂತವಳಿಗೆ ಕೈನೋವಿಗಿಂತ ಆ ಭಯವೇ ಜಾಸ್ತಿಯಾಗಿತ್ತು.

ಮಾರನೆಯ ಬೆಳಗ್ಗೆ ಶಾಂತಮೂರ್ತಿಯ ಕಾರು ಅವಳ ಮನೆ ಮುಂದೆ ನಿಂತಿತು. ಅವರು ಒಳಗೆ ಬಂದು ಚಾಪೆಯ ಮೇಲೆ ಕೂತು, ಒಂದು ಗಳಿಗೆ ಅವಳ ಕೈ ನೋಡಿದರು.

"ನಿನ್ನೆ ನನಗೂ ಗಾಬರಿಯಾಗಿತ್ತಮ್ಮ. ನಮ್ಮ ಆಡಿಟರ್‌ನ ಕೇಳ್ದೆ. ಮುಚ್ಚಿಟ್ರೆ ನಾಳೆ ನಿಮ್ಮ ತಲೆ ಮೇಲೇ ಬರುತ್ತೆ, ಇವತ್ತೇ ತಿಳಿಸಿ ಅಂತ ಬೈದ್ರು. ಏನಾಯ್ತು ಹೇಳು, ಬರ್ಕೋತೀನಿ. ಈಗ್ಲೇ ಕಳಿಸ್ತೀನಿ."

ಅವಳು ಹೇಳಿದಳು, ಅವರು ಬರೆದುಕೊಂಡು ಓದಿದರು.

"ತಗಡು ಇರ್ನಿಲ್ಲ ಅನ್ನದು ಬಂದಿಲ್ವಲ್ಲ ಸಾ?"

ಶಾಂತಮೂರ್ತಿ ಮುಚ್ಚಿದ್ದ ಪೆನ್ನನ್ನು ಮತ್ತೆ ತೆಗೆದರು. ಅದನ್ನೂ ಬರೆದರು. ಅವಳು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಹಾಕಿದಳು.

ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. ವಾಸಿಯಾಗುತ್ತದೆ ಅಂದುಕೊಂಡಿದ್ದ ಒಂದು ಬೆರಳು ಕೀವು ಕಟ್ಟಿ, ಮೈಸೂರಿನಲ್ಲಿ ಅದರ ತುದಿ ತೆಗೆಯಬೇಕಾಯಿತು. ತಿಂಗಳುಗಟ್ಟಲೆ ಮನೆಯಲ್ಲಿ ಕೂತಳು. ವಿಚಾರಣೆಗೆ ಬಂದ ಇಎಸ್‌ಐ ಅಧಿಕಾರಿ ಯಶೋದಳನ್ನು ಕೇಳಿದರು, ಆಸ್ಪತ್ರೆಯ ಚೀಟಿ ನೋಡಿದರು, ಮಾಲೀಕರು ಕಳಿಸಿದ ವರದಿ ನೋಡಿದರು. ಎಲ್ಲ ಕಡೆ ಒಂದೇ ಮಾತು. "ನಿಮ್ಮದರಲ್ಲಿ ತಕರಾರು ಏನೂ ಇಲ್ಲಮ್ಮ, ಪರಿಹಾರ ಮಂಜೂರಾಗುತ್ತೆ" ಅಂದರು. ಅವರು ಹೋದ ಮೇಲೆ ಕೆಂಪಾಜಮ್ಮ ಜಗಲಿಯ ಮೇಲೆ ಸೆರಗು ಹಾಸಿಕೊಂಡು ಮಲಗಿದಳು. ಎಷ್ಟೋ ದಿನದಿಂದ ಹತ್ತದಿದ್ದ ನಿದ್ದೆ ಹಾಡುಹಗಲಲ್ಲೇ ಹತ್ತಿತು.

ಉದಯಕುಮಾರನ ಕೆಲಸವೂ ಹೋಗಲಿಲ್ಲ. ಬೈಸಿಕೊಂಡ, ಅಷ್ಟೆ. ಒಂದು ಭಾನುವಾರ ಬಾಳೆಹಣ್ಣು ಹಿಡಿದು ಬಂದು ಬಾಗಿಲಲ್ಲೇ ನಿಂತ.

"ಅಕ್ಕ, ನೀನು ನನ್ ಮಾತು ಕೇಳಿದ್ರೆ ಏನ್ ಗತಿ ಆಗ್ತಿತ್ತು?"

"ಕೇಳ್ನಿಲ್ವಲ್ಲ, ಬುಡು. ಒಳೀಕೆ ಬಾ, ಕಾಪಿ ಕುಡ್ಕೊಂಡು ಓಗು."

ಈಗ ಅವಳು ಮತ್ತೆ ಫ್ಯಾಕ್ಟರಿಗೆ ಹೋಗುತ್ತಾಳೆ. ಬೆಲ್ಟಿನ ಹತ್ತಿರವಲ್ಲ, ನೂಲಿನ ಲಡಿ ಕಟ್ಟುವ ಕಡೆ. ಹೊಸದಾಗಿ ಸೇರಿದ ಹೆಂಗಸರು ಕೈ ನೋಡಿ ಕೇಳಿದರೆ ಮುಚ್ಚುಮರೆಯಿಲ್ಲದೆ ಎಲ್ಲ ಹೇಳುತ್ತಾಳೆ. "ಏನಾದ್ರೂ ಆದ್ರೆ ಅವತ್ತೇ ಬಾಯ್ಬುಡ್ರವ್ವ" ಅಂದು, ಮತ್ತೆ ಲಡಿ ಕಡೆ ತಿರುಗುತ್ತಾಳೆ.