ಹೆಸರಿನ ಕಾಲಂ

ಅರುವತ್ತರ ದಶಕದ ಆರಂಭದಲ್ಲಿ ನಾನು ಕೊಲ್ಲಮೊಗ್ರಿಗೆ ಸರಕಾರಿ ದಾದಿಯಾಗಿ ಬಂದೆ. ಹೆರಿಗೆ ಧರ್ಮಕ್ಕೆ ಮಾಡಿಸಬೇಕು, ಒಂದು ಲೋಟ ಕಾಫಿ ಬಿಟ್ಟು ಬೇರೇನನ್ನೂ ಮುಟ್ಟಬಾರದು ಎಂದು ಮೇಲಿನವರ ತಾಕೀತು. ಆ ಕಾಫಿಯೂ ಸಿಗುತ್ತಿದ್ದದ್ದು ಅಂಗಳದಲ್ಲಿ. ಹೆತ್ತ ಮನೆಯ ಮೈಲಿಗೆ ಹನ್ನೊಂದನೆಯ ದಿನ ಕಳೆಯುತ್ತದೆ. ನನ್ನದು ಕಳೆಯುವುದು ಯಾವಾಗ? ಒಂದು ಮನೆಯದು ಮುಗಿಯುವಾಗ ಇನ್ನೊಂದು ಮನೆಯದು ಅಂಟಿರುತ್ತಿತ್ತು. ಹಾಗಾಗಿ ನಾನೇ ಹೆರಿಸಿದ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನನಗೆ ಕರೆಯಿಲ್ಲ. ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ಬೇಸರ. ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಗಂಜಿ ಉಣ್ಣುತ್ತ, ಇವತ್ತು ಆ ಮನೆಯಲ್ಲಿ ಪಾಯಸವಿರಬಹುದು ಎಂದುಕೊಳ್ಳುತ್ತಿದ್ದೆ.

ಕೊನೆಗೆ ಒಂದು ಸುಳ್ಳು ಹುಡುಕಿದೆ. ಮಗುವಿನ ಜನನ, ಹೆಸರು ಬರೆಯುವವರು ಊರಿನ ಪಟೇಲರು. ನನ್ನ ರಿಜಿಸ್ಟರಿನಲ್ಲಿ ಮಗು ಗಂಡೋ ಹೆಣ್ಣೋ, ಅಷ್ಟೇ. ನಾನೇ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದು ಮೇಲೆ ‘ಹೆಸರು’ ಎಂದು ಬರೆದೆ. ಹೆರಿಗೆಯಾಗಿ ಎರಡು ಮೂರು ತಿಂಗಳು ಬಿಟ್ಟು ಆ ಮನೆಗೆ ಹೋಗಿ, “ಹೆಸರು ಬರೆಯಬೇಕು, ಕಾನೂನು ಉಂಟು” ಎನ್ನುವುದು. ಮಗುವನ್ನು ನೋಡಿಯೇ ಬರೆಯಬೇಕೆಂಬುದೂ ಕಾನೂನೇ. ಎತ್ತಿಕೊಂಡು ನೋಡಬೇಕೆಂಬುದು ಅದಕ್ಕೆ ನಾನು ಸೇರಿಸಿದ ತಿದ್ದುಪಡಿ.

ಹೊಳೆಯಾಚೆಯ ಮನೆಯ ಹೆಣ್ಣುಮಗು ಹುಟ್ಟುವಾಗ ಅತ್ತಿರಲಿಲ್ಲ. ಬಾಯಿಗೆ ಬಾಯಿಟ್ಟು ಉಸಿರು ಊದಿ ಉಳಿಸಿದ್ದೆ. ಅದನ್ನೊಮ್ಮೆ ಎತ್ತಿಕೊಳ್ಳದೆ ನನಗೆ ಸಮಾಧಾನವಿರಲಿಲ್ಲ. ಹೋದೆ. ಮಗುವಿನ ಅಜ್ಜಿ ಜಗಲಿಯಲ್ಲಿದ್ದರು.

“ಹೆಸರು ಪಟೇಲರಲ್ಲಿ ಬರೆಸಿ ಆಗಿದೆಯಲ್ಲ ನರ್ಸಮ್ಮ, ಪುನಃ ಇದೆಂತ?”

“ಕಾನೂನು ಅಮ್ಮ.”

“ನನ್ನ ಮಗ ಪುತ್ತೂರಿಗೆ ಹೋದಾಗ ಕೇಳಿದ್ದಾನೆ. ಅಂಥ ಕಾನೂನು ಇಲ್ಲವಂತೆ.”

ಕೆಲಸ ಹೋಯಿತೆಂದು ರಿಜಿಸ್ಟರನ್ನು ಮುಚ್ಚಿ ಪಕ್ಕಕ್ಕಿಟ್ಟೆ. ನನ್ನ ಮುಖ ನೋಡಿ ಅಜ್ಜಿ ನಕ್ಕರು. “ಮಗು ನೋಡ್ಲಿಕ್ಕೆ ಸುಮ್ಮನೆ ಬರುದಲ್ವಾ ಮಾರಾಯ್ರೆ. ಅದಕ್ಕೆ ಕಾನೂನು ಎಂತಕ್ಕೆ?” ಎಂದು ಸೊಸೆಯನ್ನು ಕರೆದು ಮಗುವನ್ನು ನನ್ನ ಮಡಿಲಿಗೆ ಕೊಡಿಸಿದರು. ಅದು ನನ್ನ ಬೆರಳು ಹಿಡಿದುಕೊಂಡಿತು. ಈ ಊರಿನಲ್ಲಿ ನನಗೂ ಒಂದು ಮನೆಯಾಯಿತು ಎಂದು ಕಣ್ಣು ತುಂಬಿತು.

ಆ ಖುಷಿಯಲ್ಲಿ ರಿಜಿಸ್ಟರನ್ನು ಜಗಲಿಯಲ್ಲೇ ಬಿಟ್ಟು ಹೊರಟಿದ್ದೆ. ಹೊಳೆ ದಾಟುವ ಸಂಕದ ತನಕ ಹೋದವಳು ತಿರುಗಿ ಬಂದೆ. ಜಗಲಿಯಲ್ಲಿ ಯಾರೂ ಇರಲಿಲ್ಲ. ಬಚ್ಚಲಿನಿಂದ ನೀರು ಹೊಯ್ಯುವ ಸದ್ದು ಕೇಳುತ್ತಿತ್ತು.

“ನರ್ಸಮ್ಮ ಮುಟ್ಟಿದ್ದಲ್ವಾ, ತಲೆಗೂ ಹೊಯ್ಯಿ” ಎಂದು ಅಜ್ಜಿ ಸೊಸೆಗೆ ಹೇಳುತ್ತಿದ್ದರು.

ಮಗು ಜೋರಾಗಿ ಅಳುತ್ತಿತ್ತು. ಉಸಿರು ಗಟ್ಟಿಯಾಗಿತ್ತು. ನಾನು ರಿಜಿಸ್ಟರು ಎತ್ತಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದಂತೆ ಅಂಗಳ ದಾಟಿದೆ.