ಬೈಗುಳದಲ್ಲಿ ಪಾಸಾದ ಇಂಗ್ಲಿಷು

ನನ್ನ ಸೊಸೆ ಸುನಂದ ಇಂಗ್ಲಿಷ್ ಪೇಪರಿನಲ್ಲಿ ಪಾಸಾದದ್ದು ನನ್ನ ಬೈಗುಳದಿಂದ. ಟ್ಯೂಷನ್ ಮೇಷ್ಟರಿಂದಲ್ಲ, ನನ್ನ ಮಗ ಹೊತ್ತ ಹರಕೆಯಿಂದಲೂ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರಿನವರು ಬೇರೆ ಥರ ಹೇಳಿಕೊಂಡು ತಿರುಗುತ್ತಾರೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕೆರಗೋಡಿನಲ್ಲಿ ನನಗೆ ಹೆಸರಿರುವುದು ಬಾಯಿಗೆ. ಹಿತ್ತಿಲಲ್ಲಿ ನಾನು ಮಾತಾಡಿದರೆ ಮಂಡ್ಯದ ಬಸ್ಸಿಗೆ ಕಾದು ನಿಂತವರು ತಿರುಗಿ ನೋಡುತ್ತಾರಂತೆ. ನೋಡಲಿ. ಈ ವಯಸ್ಸಿನಲ್ಲಿ ಮೆತ್ತಗೆ ಮಾತಾಡಿ ಯಾರನ್ನು ಮೆಚ್ಚಿಸಲಿ?

ಸುನಂದ ಡಿಗ್ರಿಯ ಎಲ್ಲ ಪೇಪರು ಮುಗಿಸಿ ಇಂಗ್ಲಿಷೊಂದರಲ್ಲಿ ಸಿಕ್ಕಿಕೊಂಡಿದ್ದಳು. ಮೊಮ್ಮಗಳನ್ನು ಸ್ಕೂಲಿಗೆ ಕಳಿಸಿ ತಾನೂ ಪುಸ್ತಕ ಹಿಡಿಯುತ್ತಿದ್ದಳು. ಪಾಸಾದರೆ ಬಿ.ಎಡ್. ಸೇರಿ ಟೀಚರಾಗಬಹುದು. ಈ ಸಲ ತಪ್ಪಿದರೆ ಓದು ಸಾಕು, ಕೊಟ್ಟಿಗೆಯೇ ಗತಿ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪಕ್ಕದ ಮನೆ ಸಾಕಮ್ಮನ ಸೊಸೆಯದೂ ಅದೇ ಪೇಪರು. ಇಬ್ಬರೂ ಒಟ್ಟಿಗೆ ಮಂಡ್ಯದ ಗುತ್ತಲಿಗೆ ಟ್ಯೂಷನ್ನಿಗೆ ಹೋಗುತ್ತಿದ್ದರು. ಸಾಕಮ್ಮ ಸೊಸೆಯನ್ನು ಕಂದ, ಚಿನ್ನ ಎಂದು ಸಾಕುವವಳು.

"ನಿನ್ ಬಾಯ್ಗೆ ಆ ಎಣ್ಣು ಓದಿದ್ದೂ ಮರ್ತೋಯ್ತದೆ ಕಣಕ್ಕ. ವಸಿ ಸುಮ್ಕಿರು" ಎಂದು ಗೋಡೆಯಾಚೆಯಿಂದ ಬುದ್ಧಿ ಹೇಳಿದಳು.

ನನ್ನ ಮಗನೂ ಸೇರಿಕೊಂಡ. "ಪರೀಕ್ಸೆ ಮುಗಿಯಗಂಟ ಬೈಬ್ಯಾಡ ಕಣವ್ವ."

ಸರಿ, ಬಾಯಿ ಹೊಲಿದುಕೊಂಡೆ. ಅದಕ್ಕಿಂತ ಉಪವಾಸ ವಾಸಿ.

ಕೆಲವು ದಿನಕ್ಕೇ ಸುನಂದ ಅಳುತ್ತ ಬಂದು ನಿಂತಳು. "ಅತ್ತೆಮ್ಮ, ನೀವು ಬೈಯೋದ್ ನಿಲ್ಸುದ್ರಿ, ನಂಗೆ ಓದೋದೂ ನಿಂತೋಯ್ತು."

ಸಂಗತಿ ಆಮೇಲೆ ತಿಳಿಯಿತು. ನಾನು ಬೈದದ್ದನ್ನೆಲ್ಲ ಅವಳು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳುತ್ತಿದ್ದಳಂತೆ. ಗ್ರಾಮರ್ ಪುಸ್ತಕದ ಉದಾಹರಣೆಯಲ್ಲಿ ಬರುವ ರಾಜ ಏನು ಮಾಡಬೇಕಾಗಿತ್ತು ಎಂಬುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. "ಕೊಟ್ಗೆ ನೆನ್ನೇನೇ ಬಾಚ್ಬೇಕಾಗಿತ್ತು" ಎಂದು ನಾನು ಕಿರುಚಿದರೆ ಮಾತ್ರ ಆ 'ಶುಡ್ ಹ್ಯಾವ್' ಮೊಳೆ ಹೊಡೆದ ಹಾಗೆ ಕೂರುತ್ತಿತ್ತಂತೆ.

ಇಷ್ಟು ಮರ್ಯಾದೆ ನನ್ನ ಬಾಯಿಗೆ ಯಾವತ್ತೂ ಸಿಕ್ಕಿರಲಿಲ್ಲ. ಶುರು ಮಾಡಿದೆ. ಒಲೆ ಮುಂದೆ ಬೈದೆ, ಹಸುವಿಗೆ ಕಬ್ಬಿನ ಸೋಗೆ ಹಾಕುತ್ತ ಬೈದೆ. ಮಾಡಬಹುದಾಗಿದ್ದಕ್ಕೆ, ಮಾಡಬಾರದಾಗಿದ್ದಕ್ಕೆ, ನಾಳೆ ಮಾಡದೆ ಹೋಗಬಹುದು ಎಂಬ ಅನುಮಾನಕ್ಕೂ ಬೈದೆ. ಅವಳು ಕುಡ್ಡು, ಮಸ್ಟು, ಮೈಟು ಎಂದು ಗೊಣಗುತ್ತ ಹಿಂದೆ ಹಿಂದೆ ಬರುತ್ತಿದ್ದಳು.

ಇಂಗ್ಲಿಷಿನಲ್ಲಿ ಇನ್ನೊಂದು ವರಸೆಯಿದೆ. ಆದದ್ದನ್ನು ಹೇಳುವುದು, ಮಾಡಿದವರನ್ನು ಮುಚ್ಚಿಡುವುದು. ಒಂದು ದಿನ ಹಾಲು ಉಕ್ಕಿ ಒಲೆಯೆಲ್ಲ ನೆನೆಯಿತು. ಸುನಂದ ಇಂಗ್ಲಿಷಿನಲ್ಲಿ ಏನೋ ಅಂದು, "ಹಾಲು ಇಳಿಸಲ್ಪಡಬೇಕಾಗಿತ್ತು" ಎಂದು ಅರ್ಥ ಹೇಳಿದಳು.

"ಇಳಿಸ್ಬೇಕಾಗಿದ್ದೋಳು ಯಾರೇ?"

"ಅದ್ನ ಯೋಳಂಗಿಲ್ಲ ಅತ್ತೆಮ್ಮ, ಇದ್ರಲ್ಲಿ ಅಂಗೇಯ."

ಒಳ್ಳೇ ಭಾಷೆ. ನಮ್ಮ ಮನೆ ಗಂಡಸರಿಗೆ ಇದು ಕಲಿಸದೆಯೇ ಬರುತ್ತದೆ.

ರಿಸಲ್ಟು ಒಂದು ಸಂಜೆ ಮೊಬೈಲಿಗೆ ಬಂತು. ಸುನಂದ ಪಾಸು! ಓಡಿಬಂದು ಕಾಲಿಗೆ ಬಿದ್ದಳು. "ಏಳೇ, ಸಾರು ಸೀದೋಯ್ತದೆ" ಅಂದೆ. ಆದರೂ ಅವತ್ತು ಎರಡು ಮುದ್ದೆ ಉಂಡೆ. ಸಾಕಮ್ಮನ ಚಿನ್ನ ಮತ್ತೆ ಸಿಕ್ಕಿಕೊಂಡಿತ್ತು.

ಮರುದಿನ ಬೆಳಗ್ಗೆ, ನಮ್ಮ ಬಾಗಿಲಿಗೆ ನೀರು ಹಾಕುವ ಮೊದಲೇ, ಹೋಗಿ ಸಾಕಮ್ಮನ ಬಾಗಿಲಲ್ಲಿ ನಿಂತೆ.

"ಲೇ ಸಾಕಿ, ನಿನ್ ಸೊಸೇನ ಕರಿಯೇ."

ಸಾಕಮ್ಮ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಆ ಹುಡುಗಿಯೇ ಪುಸ್ತಕ ಹಿಡಿದು, ಕೆದರಿದ ತಲೆಯಲ್ಲಿ ಹೊರಗೆ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಪಾಠ ಶುರು ಮಾಡಿದೆ:

"ಇಷ್ಟೊತ್ಗೆ ತಲೆ ಬಾಚ್ಕೊಂಡಿರ್ಬೇಕಾಗಿತ್ತು ಕಣೇ!"