ಒಂದರ ಮೇಲೊಂದು ನಳಿಗೆ

ಚುನಾವಣೆ ಬಂತೆಂದು ತಮ್ಮ ಇವತ್ತು ಬಂದೂಕನ್ನು ಠಾಣೆಗೆ ಒಪ್ಪಿಸಲು ಹೊರತೆಗೆದ. ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ನನ್ನ ಹಳೆಯ ಹೊಟ್ಟೆಕಿಚ್ಚು ಎದ್ದಿತು.

ಆ ಬಂದೂಕನ್ನು ಅಪ್ಪ ಮುದಗಲ್ಲಿನ ಸಾಹುಕಾರರೊಬ್ಬರಿಂದ ಕೊಂಡಿದ್ದ. ಊರಿನ ಉಳಿದ ಬಂದೂಕುಗಳಿಗೆ ನಳಿಗೆಗಳು ಅಕ್ಕಪಕ್ಕ, ನಮ್ಮದಕ್ಕೆ ಮಾತ್ರ ಒಂದರ ಮೇಲೊಂದು. ಆಯುಧಪೂಜೆಗೆ ಮುಂಚೆ ಅಪ್ಪ ಅದನ್ನು ಬಿಚ್ಚಿ ಕಂಬಳಿಯ ಮೇಲಿಡುತ್ತಿದ್ದ. ಒರೆಸಲು ಹಳೆಯ ಧೋತರ ಹರಿದುಕೊಡುವವಳು ನಾನು, ಒರೆಸುವವನು ತಮ್ಮ.

"ಅಪ್ಪಾ, ಈ ಸಲ ನಾ ಒರಸ್ತೀನಿ."

"ನೀ ನಾಳೆ ಇನ್ನೊಬ್ಬರ ಮನೀಗೆ ಹೋಗಾಕಿ. ಅವ ಕಲೀಲಿ ಬಿಡು."

"ಅವ ಇನ್ನಾ ಮೂಗು ಒರಸ್ಕೊಳ್ಳೋದೇ ಕಲ್ತಿಲ್ಲ!"

ಆದರೂ ಬಟ್ಟೆ ಅವನ ಕೈಗೇ ಹೋಯಿತು. ಅಪ್ಪನ ನಂತರ ಬಂದೂಕೂ ಅವನಿಗೇ.

ಇವತ್ತು ನೋಡಿದರೆ ನಳಿಗೆಯ ಒಳಗೆಲ್ಲ ತುಕ್ಕು. "ಇದರ ತಾಪತ್ರಯ ಸಾಕಾಗ್ಯಾದ ಅಕ್ಕಾ, ಲೈಸೆನ್ಸ್ ವಾಪಸ್ ಕೊಟ್ಬಿಡ್ತೀನಿ" ಎಂದ.

"ಕೊಡಬ್ಯಾಡಲೇ, ನನ್ನ ಹೆಸರಿಗೆ ಮಾಡಸು."

ಅವನು ತಮಾಷೆ ಎಂದುಕೊಂಡ. ನಾನು ವಾಪಸ್ ಹೋಗುವಾಗ ಮಸ್ಕಿಯಲ್ಲಿ ಬಸ್ಸಿಳಿದು ಲೈಸೆನ್ಸಿನ ಅರ್ಜಿಗೆ ಫೋಟೊ ತೆಗೆಸಿಕೊಂಡೆ.